ನಿಮ್ಮ ಹುಡುಗಿ ಹೇಳಿದ್ದಾಳೆ

ವಾಣಿಶ್ರೀ ಓದಿದ್ದು ಮಾತ್ರೆ ಕೊಡುವುದಕ್ಕೆ. ಮಾಲೂರಿನ ಆ ಮೆಡಿಕಲ್ ಅಂಗಡಿಯಲ್ಲಿ ಅವಳು ಮಾಡುತ್ತಿದ್ದದ್ದು ಪೆಟ್ಟಿಗೆ ಹೊರುವ ಕೆಲಸ.

ಅವಳ ಹೆಸರು ಮಾತ್ರ ಅಂಗಡಿಯ ಮುಂದೆಯೇ ಇತ್ತು. ಗಲ್ಲಾದ ಮೇಲಿನ ಗೋಡೆಯಲ್ಲಿ, ಲಕ್ಷ್ಮಿಯ ಪಟದ ಪಕ್ಕ, ಗಾಜಿನ ಚೌಕಟ್ಟಿನೊಳಗೆ ಅವಳ ಫಾರ್ಮಸಿಸ್ಟ್ ಸರ್ಟಿಫಿಕೇಟು ನೇತಾಡುತ್ತಿತ್ತು. ನೋಂದಣಿಯಾದ ಫಾರ್ಮಸಿಸ್ಟ್ ಇಲ್ಲದೆ ಅಂಗಡಿ ನಡೆಸುವ ಹಾಗಿಲ್ಲ. ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ, ಹಾಳೆಯ ಮೇಲೆ ಕೆಂಪು ಗೆರೆ ಇರುವ ಮಾತ್ರೆಯನ್ನು ಅವರ ಕಣ್ಣ ಮುಂದಲ್ಲದೆ ಯಾರಿಗೂ ಕೊಡುವ ಹಾಗಿಲ್ಲ. ಕಾನೂನು ಕೇಳಿದ್ದು ಅವಳನ್ನು. ಮಾಲೀಕ ನರೇಶ್ ಇಟ್ಟುಕೊಂಡದ್ದು ಅವಳ ಹೆಸರನ್ನು.

ಮೊದಲ ತಿಂಗಳು ಹಾಗಿರಲಿಲ್ಲ. ಅವಳು ಕೌಂಟರಿನಲ್ಲೇ ನಿಂತಿದ್ದಳು. ಡಾಕ್ಟರ ಚೀಟಿ ಓದಿ, ಮಾತ್ರೆ ತೆಗೆದು, ಕವರಿನ ಮೇಲೆ ಕನ್ನಡದಲ್ಲಿ ಬರೆದು ಕೊಡುತ್ತಿದ್ದಳು. ಓದಲು ಬಾರದವರಿಗೆ ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯ ಮಾತ್ರೆಗೆ ಚಂದ್ರ. ಹಳ್ಳಿಯಿಂದ ಬಂದ ಮುದುಕರು ಆ ಕವರನ್ನು ತಿರುಗಿಸಿ ತಿರುಗಿಸಿ ನೋಡಿ ನಗುತ್ತಿದ್ದರು.

ಒಂದು ದಿನ ಪೇಟೆ ಬೀದಿಯ ಸುನಂದಮ್ಮ ಬಿ.ಪಿ. ಮಾತ್ರೆಗೆ ಬಂದರು. ನರೇಶನ ಹಳೆಯ ಗಿರಾಕಿ.

"ಹೊಸಬಳಾ? ಯಾವೂರಮ್ಮ ನಿಂದು?"

"ಮಾಸ್ತಿ ಹತ್ರ ಅಮ್ಮ."

"ಮಾಸ್ತಿ ಹತ್ರ ಅಂದ್ರೆ? ಯಾರ ಪೈಕಿ?"

ವಾಣಿಶ್ರೀ ತಲೆ ತಗ್ಗಿಸಲಿಲ್ಲ. "ಕಾಲನಿಯೋರು" ಅಂದಳು.

ಸುನಂದಮ್ಮ ಏನೂ ಬೈಯಲಿಲ್ಲ. ಕೈಗೆ ತೆಗೆದುಕೊಂಡಿದ್ದ ಕವರನ್ನು ಮೆಲ್ಲಗೆ ಗಾಜಿನ ಮೇಲೆ ಇಟ್ಟರು. "ನರೇಶಣ್ಣ, ಇದನ್ನ ನೀವೇ ಬೇರೆ ಹಾಕಿ ಕೊಡಿ. ಸ್ನಾನ ಮಾಡಿ ಪೂಜೆಗೆ ಕೂರೋ ಮುಂಚೆ ತಗೊಳ್ಳೋ ಮಾತ್ರೆ ನೋಡಿ."

ಮರುದಿನ ನರೇಶ್ ಅವಳನ್ನು ಪಕ್ಕಕ್ಕೆ ಕರೆದ.

"ನನಗೇನಿಲ್ಲಮ್ಮ. ನನ್ನ ಮನಸ್ಸಲ್ಲಿ ಅಂಥದ್ದು ಒಂದು ಚೂರೂ ಇಲ್ಲ. ಆದ್ರೆ ಜನ ಬಾಯಿಗೆ ಹಾಕ್ಕೊಳ್ಳೋ ಪದಾರ್ಥ. ನೀನು ಹಿಂದಗಡೆ ಸ್ಟಾಕ್ ನೋಡ್ಕೊ. ಸಂಬಳ ಅದೇ."

ಅಂದಿನಿಂದ ಅವಳು ಹಿಂದಿನ ಗೋಡೌನಿಗೆ ಹೋದಳು. ಲಾರಿ ಬಂದರೆ ಗ್ಲೂಕೋಸ್ ಬಾಟಲಿಯ ಪೆಟ್ಟಿಗೆಗಳನ್ನು ಇಳಿಸುವವಳು ಅವಳು. ಏಣಿ ಹತ್ತಿ ಮೇಲಿನ ಕಪಾಟಿನ ಧೂಳು ಹೊಡೆಯುವವಳು ಅವಳು. ಸಿರಪ್ಪಿನ ಬಾಟಲಿ ಒಡೆದರೆ ಗಾಜು ಬಾಚಿ ನೆಲ ಒರೆಸುವವಳು ಅವಳು. ಆ ಅಂಗಡಿಯ ಒಂದೊಂದು ಮಾತ್ರೆಯೂ ಅವಳ ತಲೆಯ ಮೇಲೆ ಕೂತು ಒಳಗೆ ಬಂದದ್ದು. ಅದು ಯಾರಿಗೂ ಮೈಲಿಗೆಯಾಗಲಿಲ್ಲ. ಕೌಂಟರಿನಿಂದ ಗಿರಾಕಿಯ ಕೈಗೆ ಹೋಗುವ ಆ ಒಂದು ಗೇಣಿನಲ್ಲಿ ಮಾತ್ರ ಅವಳ ಕೈ ಇರಬಾರದು.

ಟೀ ಬರುತ್ತಿತ್ತು. ಎಲ್ಲರಿಗೂ ಗಾಜಿನ ಲೋಟ. ಅವಳೊಬ್ಬಳಿಗೆ ಪೇಪರ್ ಕಪ್. "ಪೇಪರ್ ಕಪ್ಪೇ ಕ್ಲೀನು ಕಣಮ್ಮ" ಅನ್ನುತ್ತಿದ್ದ ನರೇಶ್. ತಾನು ಮಾತ್ರ ಗಾಜಿನ ಲೋಟದಲ್ಲೇ ಕುಡಿಯುತ್ತಿದ್ದ.

ಕೌಂಟರಿನಲ್ಲಿ ಈಗ ವೆಂಕಟ್ ನಿಂತಿದ್ದ. ನರೇಶನ ಅಕ್ಕನ ಮಗ. ಪಿಯುಸಿಗೇ ಓದು ಬಿಟ್ಟವನು. ಕತ್ತರಿಯಲ್ಲಿ ಚಕಚಕ ಮಾತ್ರೆಯ ಹಾಳೆ ಕತ್ತರಿಸಿ ಕವರಿಗೆ ತುರುಕುತ್ತಿದ್ದ. ಕವರಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಅಚ್ಚು ಹಾಕಿಸಿದ್ದರ ಮುಂದಿನ ಜಾಗ ಖಾಲಿಯಾಗಿಯೇ ಹೋಗುತ್ತಿತ್ತು. ಕೋಟು ಹಾಕಿದವರು ಕೇಳಿದರೆ ಬಾಯಲ್ಲಿ ಹೇಳುತ್ತಿದ್ದ. ತಲೆಗೆ ಟವೆಲ್ ಸುತ್ತಿದವರು ಕೇಳಿದರೆ "ಊಟ ಆದ್ಮೇಲೆ ತಗೊಳಯ್ಯ, ಮುಂದೆ ಹೋಗು" ಅನ್ನುತ್ತಿದ್ದ.

ವಾಣಿಶ್ರೀ ಸುಮ್ಮನಿರಲಿಲ್ಲ. "ಹೆಸರಿರೋ ಕಡೆ ಕತ್ತರಿಸ್ಬೇಡ ವೆಂಕಟ್. ಹೆಸರು, ತಾರೀಖು ಅವರ ಕೈಗೆ ಹೋಗ್ಬೇಕು. ಕವರ್ ಮೇಲೆ ಬರೀಬೇಕು."

"ಬರೀತಾ ಕೂತ್ರೆ ಕ್ಯೂ ಕರಗ್ತದಾ? ನೀನು ಒಳಗ್ಹೋಗು."

ಔಷಧ ಇಲಾಖೆಯ ಇನ್ಸ್‌ಪೆಕ್ಟರ್ ಬರುವ ಸುಳಿವು ಸಿಕ್ಕ ದಿನ ಮಾತ್ರ ಎಲ್ಲ ತಿರುಗುಮುರುಗಾಗುತ್ತಿತ್ತು. ಮೊಳೆಗೆ ನೇತುಹಾಕಿದ್ದ ಬಿಳಿ ಕೋಟನ್ನು ನರೇಶನೇ ತಂದು ಕೊಡುತ್ತಿದ್ದ. "ಬೇಗ ಹಾಕ್ಕೊ, ಮುಖ ತೊಳ್ಕೊ, ಮುಂದೆ ನಿಂತ್ಕೊ." ಆ ಹೊತ್ತು ಅವಳು ಫಾರ್ಮಸಿಸ್ಟು. ಜೀಪು ಹೋದ ಮೇಲೆ ಕೋಟು ಮೊಳೆಗೆ, ಅವಳು ಗೋಡೌನಿಗೆ.

ಬಿಟ್ಟು ಹೋಗಬಹುದಿತ್ತು. ದೊಡ್ಡಮ್ಮನಿಗೆ ಏನು ಹೇಳುವುದು?

ದೊಡ್ಡಮ್ಮ ಮುನಿಯಲ್ಲಮ್ಮ ಅವಳ ತಾಯಿಯ ಅಕ್ಕ. ತಾಯಿ ಸತ್ತಾಗ ವಾಣಿಶ್ರೀ ಇನ್ನೂ ಹಾಲು ಬಿಡದ ಕೂಸು. ಮುನಿಯಲ್ಲಮ್ಮನಿಗೆ ಮಕ್ಕಳಿರಲಿಲ್ಲ. ತಂಗಿಯ ಮಗುವನ್ನು ಇಟ್ಟಿಗೆ ಗೂಡಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಸಾಕಿದಳು. ಸಿಂಬೆ ಸುತ್ತಿ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ಹಸಿ ಇಟ್ಟಿಗೆ ಹೊತ್ತಳು, ಸುಟ್ಟ ಇಟ್ಟಿಗೆ ಹೊತ್ತಳು, ಇನ್ನೂ ಬಿಸಿ ಆರದ ಇಟ್ಟಿಗೆ ಹೊತ್ತಳು. ಹೊತ್ತು ಹೊತ್ತು ಹುಡುಗಿಯನ್ನು ಕೋಲಾರದ ಕಾಲೇಜಿಗೆ ಕಳಿಸಿದಳು. ಡಿ.ಫಾರ್ಮ ಅನ್ನುವುದು ಅವಳ ಬಾಯಲ್ಲಿ ತಿರುಗುತ್ತಿರಲಿಲ್ಲ. "ನಮ್ಮ ಹುಡುಗಿ ಮಾತ್ರೆ ಓದಿದಾಳೆ" ಅನ್ನುತ್ತಿದ್ದಳು.

ಭಾನುವಾರ ಊರಿಗೆ ಹೋದಾಗ ದೊಡ್ಡಮ್ಮ ಕೇಳುವಳು: "ಕುರ್ಚಿ ಐತಾ ನಿಂಗೆ?"

"ಐತೆ ದೊಡ್ಡಮ್ಮ."

"ಎಲ್ರೂ ನಿನ್ನೇ ಕೇಳ್ತಾರಾ?"

"ನನ್ನೇ ಕೇಳ್ತಾರೆ."

ಆ ಮುಖದಲ್ಲಿ ಮೂಡುತ್ತಿದ್ದ ಬೆಳಕು ನೋಡಿದ ಮೇಲೆ ನಿಜ ಹೇಳುವ ಬಾಯಿ ಯಾರಿಗಿದೆ?

ಆ ವರ್ಷ ದೊಡ್ಡಮ್ಮನ ಬೆರಳ ಗಿಣ್ಣುಗಳು ಊದಿಕೊಂಡವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚಲು ಆಗುತ್ತಿರಲಿಲ್ಲ. ಮಂಡಿ ಬಾತು ಗೂಡಿನ ಕೆಲಸ ನಿಂತಿತು. ದೊಡ್ಡಪ್ಪ ಕದಿರಪ್ಪ ಅವಳನ್ನು ಕೋಲಾರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಕೀಲುವಾತ, ಬಹಳ ದಿನ ಮಾತ್ರೆ ತಗೋಬೇಕು ಎಂದು ಚೀಟಿ ಬರೆದರು. ಆಸ್ಪತ್ರೆಯ ಎದುರಿಗೇ ಅಂಗಡಿಗಳಿದ್ದವು. ದೊಡ್ಡಮ್ಮ ಒಪ್ಪಲಿಲ್ಲ. "ನಮ್ಮ ಹುಡುಗಿ ಅಂಗಡಿ ಇರೋವಾಗ ಇಲ್ಯಾಕೆ?" ಅಂದಳಂತೆ. ವಾಪಸು ಬರುವಾಗ ಮಾಲೂರಿನಲ್ಲಿ ಬಸ್ಸಿಳಿದು, ಗಂಡನನ್ನು ಮರದ ಕೆಳಗೆ ಕೂರಿಸಿ, ಸೆರಗು ಸರಿಮಾಡಿಕೊಂಡು, ಆ ಅಂಗಡಿಯ ಮೆಟ್ಟಿಲು ಹತ್ತಿದಳು.

ಆ ಹೊತ್ತಿಗೆ ವಾಣಿಶ್ರೀ ಹಿಂದಿನ ಓಣಿಯಲ್ಲಿ ಲಾರಿಯಿಂದ ಪೆಟ್ಟಿಗೆ ಇಳಿಸುತ್ತಿದ್ದಳು. ಅವಳಿಗೆ ಯಾರೂ ಏನೂ ಹೇಳಲಿಲ್ಲ.

ಅದಾಗಿ ಒಂದು ವಾರ ದಾಟಿರಬೇಕು. ಅಂಗಡಿಯಲ್ಲಿ ರಜೆ ಕೊಡದೆ ಇದ್ದುದರಿಂದ ಆ ಭಾನುವಾರ ಅವಳು ಊರಿಗೂ ಹೋಗಿರಲಿಲ್ಲ. ಪಕ್ಕದ ಮನೆಯ ಶಾಮಲಮ್ಮನಿಂದ ಫೋನ್ ಬಂತು.

"ವಾಣಿ, ನಿಮ್ಮ ದೊಡ್ಡಮ್ಮಂಗೆ ಬಾಯೆಲ್ಲ ಹುಣ್ಣು ಕಣೇ. ಮುದ್ದೆ ನುಂಗಕ್ಕೆ ಆಗ್ತಿಲ್ಲ. ತಗೋ, ಅವಳೇ ಮಾತಾಡ್ತಾಳಂತೆ."

ದೊಡ್ಡಮ್ಮನ ದನಿ ಒಡೆದಿತ್ತು. "ಏನಿಲ್ಲ ಬಂಗಾರು. ಉಷ್ಣ. ನೀನು ಕೊಟ್ಟ ಮಾತ್ರೆ ತಗೋತಾ ಇದೀನಿ. ಒಂದಿನಾನೂ ಬಿಟ್ಟಿಲ್ಲ."

"ನಾನು ಕೊಟ್ಟ ಮಾತ್ರೇನಾ? ಯಾವ ಮಾತ್ರೆ ದೊಡ್ಡಮ್ಮ?"

"ಕೀಲುನೋವಿಂದು. ಹಳದೀವು. ಎರಡು ತರ ಇದಾವಲ್ಲ. ನಿನ್ನ ಕರೀಯಪ್ಪಾ ಅಂದೆ ಆ ಹುಡುಗನ್ನ. ಒಳಗ್ಹೋಗಿ ಬಂದ. ನಿಮ್ಮ ಹುಡುಗಿ ಹೇಳಿದ್ದಾಳೆ, ಎರಡೂ ದಿನಾ ಒಂದೊಂದು, ಊಟ ಆದ್ಮೇಲೆ ಅಂದ. ಕೆಲಸದಾಗೆ ಇದೀಯ ಅಂತ ನಾನೂ ಸುಮ್ನೆ ಬಂದೆ."

ವಾಣಿಶ್ರೀಯ ಕೈಯಲ್ಲಿದ್ದ ಪೆಟ್ಟಿಗೆ ಬಿತ್ತು.

ಅವಳಿಗೆ ಗೊತ್ತಾಗಿತ್ತು. ಕೀಲುವಾತಕ್ಕೆ ಬರೆಯುವ ಎರಡು ಹಳದಿ ಮಾತ್ರೆ. ಒಂದು ವಿಟಮಿನ್ನು. ಇನ್ನೊಂದು ಮೆಥೊಟ್ರೆಕ್ಸೇಟ್. ಅದನ್ನು ವಾರಕ್ಕೆ ಒಂದೇ ದಿನ ತಗೋಬೇಕು. ದಿನಾ ನುಂಗಿದರೆ ವಿಷ. ಬಾಯಿಯಿಂದ ಶುರುವಾಗಿ ಕರುಳಿನವರೆಗೆ ಸುಟ್ಟು, ಕೊನೆಗೆ ಮೈಯಲ್ಲಿ ರಕ್ತ ಹುಟ್ಟುವ ಜಾಗವನ್ನೇ ಒಣಗಿಸುತ್ತದೆ. ಕಾಲೇಜಿನಲ್ಲಿ ಅದನ್ನು ಹೇಳಿಕೊಟ್ಟ ಮೇಷ್ಟ್ರು, ಇದೊಂದನ್ನು ಕೊಡುವಾಗ ರೋಗಿಯ ಬಾಯಲ್ಲೇ ವಾರ ಯಾವುದು ಅಂತ ಹೇಳಿಸಿ ಕೊಡಿ ಅಂದಿದ್ದರು.

"ದೊಡ್ಡಮ್ಮಾ, ಇನ್ನು ಒಂದೂ ನುಂಗಬೇಡ. ಒಂದೂ. ನಾನು ಬರ್ತಾ ಇದೀನಿ."

ಹೊರಗೆ ಓಡಿದಳು. ಗಲ್ಲಾದಲ್ಲಿದ್ದ ನರೇಶ್ ಕೂಗಿದ, "ಏಯ್ ಹುಡುಗೀ, ಎಲ್ಲಿಗೆ? ಲೋಡ್ ಇಳಿಸೋರ್ಯಾರು?"

ಅವಳು ತಿರುಗಿ ನೋಡಲಿಲ್ಲ.

ಮನೆಯಲ್ಲಿ ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು. ತುಟಿ ಬಿರಿದು ರಕ್ತ ಒಣಗಿತ್ತು. ನಾಲಿಗೆ ಬೆಂದ ಮಾಂಸದ ಹಾಗಿತ್ತು. ತೋಳಿನ ಮೇಲೆ, ತೊಡೆಯ ಮೇಲೆ ಯಾರೋ ಚಿವುಟಿದಂತೆ ನೀಲಿ ಕಲೆಗಳು. ಮೈ ಕಾಯುತ್ತಿತ್ತು. ಅವಳು ಹುಡುಗಿಯನ್ನು ನೋಡಿ ನಗಲು ಹೋದಳು. ನಗು ಹರಿದು ರಕ್ತ ಬಂತು.

ಆಟೋದಲ್ಲಿ ಮಾಸ್ತಿ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ಕೋಲಾರ. ದಾರಿಯುದ್ದಕ್ಕೂ ದೊಡ್ಡಮ್ಮ ತೆಲುಗಿನಲ್ಲೇ ನರಳಿದಳು. ನೋವು ಹೆಚ್ಚಾದರೆ ಅವಳ ಬಾಯಿಗೆ ತಾಯಿಮನೆಯ ಮಾತೇ ಬರುತ್ತಿತ್ತು. "ನೋರು ಮಂಡಿಪೋತಾ ಉಂದಮ್ಮಾ." ಬಾಯಿ ಉರಿದು ಹೋಗ್ತಿದೆಯಮ್ಮಾ.

ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಕೇಳಿದರು, "ಯಾವ ಮಾತ್ರೆ ತಗೊಂಡಿದಾರೆ? ಹೆಸರೇನು?"

ಕದಿರಪ್ಪ ಜೇಬಿನಿಂದ ಕವರು ತೆಗೆದುಕೊಟ್ಟ. ಡಾಕ್ಟರು ಅದನ್ನು ಕೈಮೇಲೆ ಸುರಿದುಕೊಂಡರು. ಬೆಳ್ಳಿ ಬಣ್ಣದ ಹಾಳೆಯ ಚೂರುಗಳು. ಕೆಲವು ಖಾಲಿ, ಕೆಲವಲ್ಲಿ ಇನ್ನೂ ಹಳದಿ ಮಾತ್ರೆ. ಒಂದು ಚೂರಿನ ಮೇಲೂ ಹೆಸರಿಲ್ಲ. ಹೆಸರಿದ್ದ ಭಾಗ ವೆಂಕಟನ ಕತ್ತರಿಯ ಆ ಕಡೆ ಉಳಿದಿತ್ತು. ಕವರಿನ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಮೂರೂ ಖಾಲಿ.

ವಾಣಿಶ್ರೀಯೇ ಹೆಸರು ಹೇಳಿದಳು. ದೊಡ್ಡಪ್ಪನ ಇನ್ನೊಂದು ಜೇಬಿನಲ್ಲಿದ್ದ ಚೀಟಿ ತೆಗೆದು ಬಿಡಿಸಿದಳು. ಬರೆದ ಡಾಕ್ಟರು ಸರಿಯಾಗೇ ಬರೆದಿದ್ದರು. ವಾರಕ್ಕೊಮ್ಮೆ ಮಾತ್ರ ಎಂದು ಬರೆದು ಕೆಳಗೆ ಗೆರೆ ಎಳೆದಿದ್ದರು. ಅಕ್ಷರ ಸ್ಪಷ್ಟವಾಗಿತ್ತು. ಇಂಗ್ಲಿಷಿನಲ್ಲಿ ಸ್ಪಷ್ಟವಾಗಿತ್ತು.

ಡಾಕ್ಟರು ಮುಖ ಎತ್ತಿ, "ಇದನ್ನ ಕೊಡೋವಾಗ ಹೇಳಲಿಲ್ವಾ ಯಾರೂ?" ಎಂದರು.

ವಾಣಿಶ್ರೀ ಚೀಟಿಯನ್ನು ಮತ್ತೆ ಮಡಿಸಿದಳು.

ವಿಷಕ್ಕೆ ಮಾರುಮದ್ದು ಶುರು ಮಾಡಿದರು. ರಕ್ತ ಏರಿಸಿದರು. ತಡವಾಗಿತ್ತು. ರಕ್ತದಲ್ಲಿ ರೋಗದ ಜೊತೆ ಹೋರಾಡುವ ಕಣಗಳೇ ಉಳಿದಿಲ್ಲ ಎಂದರು. ಬಾಯಿಗೆ ಒಂದು ಚಮಚ ನೀರು ಬಿಟ್ಟರೂ ದೊಡ್ಡಮ್ಮನ ಇಡೀ ಮೈ ಬಿಲ್ಲಿನ ಹಾಗೆ ಬಾಗುತ್ತಿತ್ತು. ಇಟ್ಟಿಗೆ ಹೊತ್ತ ಮೈ. ಸುಡುವ ಗೂಡಿನೊಳಗೆ ಬರಿಗಾಲಲ್ಲಿ ಹೊಕ್ಕು ಬಂದ ಮೈ. ಒಂದು ಚಮಚ ನೀರಿಗೆ ಬಾಗುತ್ತಿತ್ತು.

ಒಂದು ಮಧ್ಯಾಹ್ನ ಜ್ವರ ಸ್ವಲ್ಪ ಇಳಿದಾಗ ಅವಳು ಕಣ್ಣು ಬಿಟ್ಟಳು. ವಾಣಿಶ್ರೀ ಒದ್ದೆ ಹತ್ತಿಯಿಂದ ತುಟಿ ಒರೆಸುತ್ತಿದ್ದಳು.

"ವಾಣೀ. ನಾನು ತಪ್ಪು ತಗೊಂಡ್ನಾ?"

"ಇಲ್ಲ ದೊಡ್ಡಮ್ಮ."

"ದಿನಾ ಅಂದೆಯಲ್ಲ. ದಿನಾನೇ ತಗೊಂಡೆ. ವಾಂತಿ ಬಂದ ದಿನಾನೂ ತಗೊಂಡೆ. ನೀನು ಹೇಳಿದ್ದು ಅಂತ."

ಈಗ ಹೇಳಬೇಕು. ನಾನು ಹೇಳಿಲ್ಲ ದೊಡ್ಡಮ್ಮ, ನನ್ನನ್ನು ಯಾರೂ ಕೇಳಲೇ ಇಲ್ಲ, ನನಗೆ ಅಲ್ಲಿ ಕುರ್ಚಿ ಇಲ್ಲ, ನಿನ್ನ ಹಾಗೆ ನಾನೂ ತಲೆಯ ಮೇಲೆ ಹೊರುತ್ತೇನೆ ಎಂದು ಹೇಳಬೇಕು. ಹೇಳಿದರೆ ಅವಳು ಹೊತ್ತ ಇಟ್ಟಿಗೆಗಳೆಲ್ಲ ಈ ಮಂಚದ ಮೇಲೆ ಅವಳ ಎದೆಗೇ ಬಂದು ಬೀಳುತ್ತವೆ. ಹೇಳದಿದ್ದರೆ ತಾನೇ ಕೊಂದಂತೆ ಆಗುತ್ತದೆ. ವಾಣಿಶ್ರೀ ಹತ್ತಿಯನ್ನು ಮುಷ್ಟಿಯಲ್ಲಿ ಹಿಂಡಿದಳು. ನೀರು ಮೊಣಕೈವರೆಗೆ ಹರಿಯಿತು.

"ನಿಂದೇನೂ ತಪ್ಪಿಲ್ಲ ದೊಡ್ಡಮ್ಮ" ಅಂದಳು. ಅಷ್ಟೇ.

ದೊಡ್ಡಮ್ಮ ಊದಿದ ಬೆರಳುಗಳಿಂದ ಅವಳ ಕೈ ಮುಟ್ಟಿದಳು. "ಅಳಬೇಡ ಬಂಗಾರು. ನಿನ್ನ ಮಾತ್ರೆ ಒಳ್ಳೇದೇ. ನನ್ನ ಮೈಗೆ ಒಗ್ಗಲಿಲ್ಲ."

ಮರುದಿನ ಮಧ್ಯಾಹ್ನ ಮುನಿಯಲ್ಲಮ್ಮ ಸತ್ತಳು.

ಮಣ್ಣು ಮಾಡಿ ಬಂದ ಸಂಜೆ ಕಾಲನಿಯ ಹೆಂಗಸರು ಮನೆ ಮುಂದೆ ಕೂತಿದ್ದರು. ಯಾರೂ ವಾಣಿಶ್ರೀಯ ಮುಖ ನೋಡುತ್ತಿರಲಿಲ್ಲ. ದೊಡ್ಡಮ್ಮ ಮಾತ್ರೆ ತಂದ ದಿನ ಎಲ್ಲರಿಗೂ ತೋರಿಸಿದ್ದಳಂತೆ. ನಮ್ಮ ಹುಡುಗಿ ಒಳಗಿಂದ ಹೇಳಿ ಕಳಿಸಿದಳು, ದಿನಾ ಒಂದೊಂದು ಅಂತ, ಎಂದು ಮನೆ ಮನೆಗೆ ಹೇಳಿದ್ದಳಂತೆ. ಆ ಮಾತು ಈಗ ಎಲ್ಲರ ಬಾಯಲ್ಲೂ ಇತ್ತು, ಹೊರಗೆ ಬರದೆ.

ಕದಿರಪ್ಪ ಮೂಲೆಯಲ್ಲಿ ಮಂಡಿಗೆ ತಲೆಕೊಟ್ಟು ಕೂತಿದ್ದವನು ಕೊನೆಗೆ ಕೇಳಿಯೇಬಿಟ್ಟ. "ನೀನು ಹಂಗೆ ಹೇಳಿದ್ದಾ ತಾಯೀ?"

ಅವಳು ಬಾಯಿ ತೆರೆಯುವ ಮೊದಲೇ ಹೊರಗೆ ಕಾರಿನ ಸದ್ದಾಯಿತು. ನರೇಶ್ ಬಂದಿದ್ದ. ಕೈಯಲ್ಲಿ ಹೂವಿನ ಹಾರ. ಕಾಲನಿಗೆ ಅವನು ಕಾಲಿಟ್ಟದ್ದು ಅದೇ ಮೊದಲು. ಹಾರವನ್ನು ಯಾರ ಕೈಗೆ ಕೊಡುವುದೆಂದು ತಿಳಿಯದೆ ಜಗಲಿಯ ಮೇಲಿಟ್ಟು, ವಾಣಿಶ್ರೀಯನ್ನು ಬೀದಿಯಂಚಿನ ಮರದ ಹತ್ತಿರ ಕರೆದ.

"ಆಗಿದ್ದು ಆಗೋಯ್ತಮ್ಮ. ನನಗೂ ಹೊಟ್ಟೆ ಉರೀತದೆ. ಆಸ್ಪತ್ರೆಯಿಂದ ಇಲಾಖೆಗೆ ರಿಪೋರ್ಟು ಹೋಗಿದೆ. ಇನ್ಸ್‌ಪೆಕ್ಟರ್ ಬರ್ತಾರೆ. ನೀನು ಒಂದೇ ಮಾತು ಹೇಳು. ವಾರಕ್ಕೊಂದು ಅಂತ ನಾನು ಸರಿಯಾಗೇ ಹೇಳಿದ್ದೆ, ವಯಸ್ಸಾದೋಳು ಮರೆತ್ಲು ಅಂತ."

"ನಾನು ಹೇಳೇ ಇಲ್ಲವಲ್ಲ ಸಾರ್."

"ಹೇಳಿದೀಯ ಅಂತ ನಿಮ್ಮ ದೊಡ್ಡಮ್ಮನೇ ಊರಿಗೆಲ್ಲ ಹೇಳ್ಕೊಂಡಿದ್ದಾಳಂತಲ್ಲ." ಅವನು ದನಿ ತಗ್ಗಿಸಿದ. "ಸರ್ಟಿಫಿಕೇಟು ಯಾರದ್ದಮ್ಮ ಗೋಡೆ ಮೇಲಿರೋದು? ನಂದಾ? ವೆಂಕಟಂದಾ? ಯೋಚನೆ ಮಾಡು. ಅವಳು ಮರೆತ್ಲು ಅಂದ್ರೆ ನೀನೂ ಉಳೀತೀಯ, ಅಂಗಡೀನೂ ಉಳೀತದೆ. ಹೋದೋಳು ವಾಪಸ್ ಬರ್ತಾಳಾ?"

ಅವಳು ಜಗಲಿಯ ಮೇಲಿದ್ದ ಹಾರದ ಕಡೆ ನೋಡಿದಳು. ಅವನು ಒಪ್ಪಿದಳು ಅಂದುಕೊಂಡ.

"ನಾಳೆಯಿಂದ ಕೌಂಟರ್‌ನಲ್ಲೇ ಕೂತ್ಕೊ. ಯಾರು ಏನಂತಾರೋ ನಾನು ನೋಡ್ಕೋತೀನಿ. ಕುರ್ಚಿ ಹಾಕಿಸ್ತೀನಿ."

ಕುರ್ಚಿ. ಆ ಮಾತು ಅವಳ ಕಿವಿಗೆ ಕಾದ ಕಂಬಿಯ ಹಾಗೆ ಹೊಕ್ಕಿತು. ದೊಡ್ಡಮ್ಮ ಬದುಕಿದ್ದಾಗ ಇಲ್ಲದ ಕುರ್ಚಿ. ದೊಡ್ಡಮ್ಮನ ಹೆಣದ ಮೇಲೆ ಹಾಕುವ ಕುರ್ಚಿ.

ವಾಣಿಶ್ರೀ ಅವನನ್ನು ಅಲ್ಲೇ ಬಿಟ್ಟು ಮನೆ ಮುಂದಕ್ಕೆ ನಡೆದಳು. ಕೂತಿದ್ದ ಹೆಂಗಸರ ಎದುರು ನಿಂತಳು.

"ಕೇಳಿ ಎಲ್ರೂ. ನಾನು ದೊಡ್ಡಮ್ಮಂಗೆ ಏನೂ ಹೇಳಿಲ್ಲ. ಅವಳು ಬಂದಿದ್ದೇ ನನಗೆ ಗೊತ್ತಿಲ್ಲ. ಆ ಅಂಗಡೀಲಿ ನನ್ನನ್ನ ಮುಂದುಗಡೆ ನಿಲ್ಲಿಸಲ್ಲ. ನಾನು ಮುಟ್ಟಿ ಕೊಟ್ರೆ ಅವರ ಗಿರಾಕಿಗಳು ತಗೊಳಲ್ಲ. ನಾನು ಹಿಂದಗಡೆ ಪೆಟ್ಟಿಗೆ ಹೊರ್ತೀನಿ. ನೆಲ ಒರೆಸ್ತೀನಿ. ಕುರ್ಚಿ ಐತೆ ಅಂತ ದೊಡ್ಡಮ್ಮಂಗೆ ಸುಳ್ಳು ಹೇಳಿದ್ದೆ. ಆ ಸುಳ್ಳು ನಂಬಿ ಅವಳು ಅಲ್ಲಿಗೆ ಹೋದ್ಲು."

ಕದಿರಪ್ಪ ಎದ್ದು ಬಂದ. ಅವಳ ಎರಡೂ ಕೈ ಹಿಡಿದು ತಿರುಗಿಸಿದ. ಅಂಗೈಯಲ್ಲಿ ಪೆಟ್ಟಿಗೆಯ ಪಟ್ಟಿ ಕೊಯ್ದು ಆದ ಗಟ್ಟಿ ಗೆರೆಗಳು. ಗೂಡಿನಲ್ಲಿ ಜೀವ ತೇದವನಿಗೆ ಬೇರೆ ಪುರಾವೆ ಬೇಕಾಗಲಿಲ್ಲ.

"ನಮ್ಮಂಗೇನಾ" ಅಂದ. "ಇಷ್ಟು ಓದಿಸಿಯೂ ನಮ್ಮಂಗೇನಾ."

ಶಾಮಲಮ್ಮ ಎದ್ದಳು. ಜಗಲಿಯ ಮೇಲಿದ್ದ ಹಾರವನ್ನು ತೆಗೆದುಕೊಂಡು ಹೋಗಿ ನರೇಶನ ಕಾರಿನ ಮುಂದೆ ಹಾಕಿದಳು. "ತಗೊಂಡ್ಹೋಗಪ್ಪ ನಿನ್ನ ಹೂವ. ನಾವು ಮುಟ್ಟಿದ್ದು ನಿಮಗೆ ಆಗಲ್ಲ. ನೀವು ಮುಟ್ಟಿದ್ದು ನಮ್ಮ ಹೆಣಕ್ಕೆ ಬೇಡ."

ಇನ್ಸ್‌ಪೆಕ್ಟರ್ ಉಮಾಶಂಕರ್ ಅಂಗಡಿಗೆ ಬರುವ ದಿನ ವಾಣಿಶ್ರೀ ಮಾಲೂರಿಗೆ ಹೋದಳು. ಕದಿರಪ್ಪ ಜೊತೆಗಿದ್ದ. ಶಾಮಲಮ್ಮ ಇನ್ನೂ ಕೆಲವು ಹೆಂಗಸರನ್ನು ಕೂಡಿಸಿಕೊಂಡು ಅದೇ ಬಸ್ಸಿಗೆ ಹತ್ತಿದ್ದಳು. ಸೆರಗಿನ ಗಂಟಿನಲ್ಲಿ, ಎಲೆಯಡಿಕೆ ಚೀಲದಲ್ಲಿ ಅವರವರ ಮಾತ್ರೆಯ ಕವರುಗಳಿದ್ದವು.

ಅಂಗಡಿ ಮುಂಜಾನೆಯೇ ತೊಳೆದು ಥಳಥಳ ಅನ್ನುತ್ತಿತ್ತು. ಕೌಂಟರಿನ ಹಿಂದೆ ಹೊಸ ಕುರ್ಚಿ. ವೆಂಕಟ್ ಮೂಲೆಯಲ್ಲಿ ಗಿರಾಕಿಯ ಹಾಗೆ ನಿಂತಿದ್ದ. ನರೇಶ್ ಬಿಳಿ ಕೋಟನ್ನು ಇಸ್ತ್ರಿ ಮಾಡಿಸಿ ತಂದಿದ್ದ. ಅವಳ ಮುಂದೆ ಹಿಡಿದು ನಿಂತ.

"ಹಾಕ್ಕೊಮ್ಮ. ಸಾಹೇಬ್ರು ಬಂದ್ರು."

"ಇಲ್ಲ."

"ಏನು ಇಲ್ಲ?"

"ಹಾಕ್ಕೊಳಲ್ಲ. ಇದನ್ನ ಹಾಕ್ಕೊಂಡ್ರೆ ಆ ಮಾತ್ರೆ ನಾನೇ ಕೊಟ್ಟಂಗಾಗುತ್ತೆ."

ನರೇಶ್ ಕೋಟನ್ನು ಅವಳ ಹೆಗಲ ಮೇಲೆ ಹೊದಿಸಲು ಬಂದ. ಒಂದು ವರ್ಷ ಅವಳ ನೆರಳಿಗೂ ದೂರ ನಿಂತವನು ಈಗ ಮೈಮುಟ್ಟಿ ತೊಡಿಸಲು ಬಂದ. ಅವಳು ಹಿಂದೆ ಸರಿದಳು. ಕೋಟು ನೆಲಕ್ಕೆ ಬಿತ್ತು. ಅವಳೇ ಒರೆಸಿ ಒರೆಸಿ ಬೆಳಗಿದ ನೆಲ.

ಅವಳು ಸುತ್ತಿ ಬಂದು ಕೌಂಟರಿನ ಈ ಕಡೆ, ಗಿರಾಕಿಗಳು ನಿಲ್ಲುವ ಮೆಟ್ಟಿಲ ಮೇಲೆ, ದೊಡ್ಡಮ್ಮ ನಿಂತಿರಬಹುದಾದ ಜಾಗದಲ್ಲಿ ನಿಂತಳು.

ಉಮಾಶಂಕರ್ ತಾಲೂಕಿಗೆ ಹೊಸಬರು, ಕಡ್ಡಿ ಮುರಿದ ಹಾಗೆ ಮಾತಾಡುವ ಮನುಷ್ಯ. "ಫಾರ್ಮಸಿಸ್ಟ್ ವಾಣಿಶ್ರೀ ಯಾರು?"

"ನಾನು ಸಾರ್."

"ಆ ಕಡೆ ಯಾಕೆ ನಿಂತಿದೀರಿ?"

"ಆ ಕಡೆ ನನ್ನ ನಿಲ್ಲಿಸ್ತಿರಲಿಲ್ಲ ಸಾರ್."

ಹೇಳಿದಳು. ಸುನಂದಮ್ಮ ತಳ್ಳಿದ ಕವರು, ಗೋಡೌನು, ಕತ್ತರಿ, ಇನ್ಸ್‌ಪೆಕ್ಟರ್ ಬಂದ ದಿನಗಳ ಕೋಟು, ನಿಮ್ಮ ಹುಡುಗಿ ಹೇಳಿದ್ದಾಳೆ ಅಂದ ಸುಳ್ಳು. ಮಧ್ಯೆ ನರೇಶ್ ಎರಡು ಸಲ ಬಾಯಿ ಹಾಕಿದ. ಅವಳು ನಿಲ್ಲಿಸಲಿಲ್ಲ. ವೆಂಕಟ್ ತಲೆ ತಗ್ಗಿಸಿ, "ರಶ್ ಇತ್ತು ಸಾರ್, ಅವ್ಳು ಹಿಂದಗಡೆ ಇದ್ಲು, ಹೋಗಿ ಕೇಳಕ್ಕೆ ಟೈಮಿರ್ಲಿಲ್ಲ" ಎಂದ. ಅಷ್ಟರಲ್ಲೇ ಎಲ್ಲ ಬಂದುಹೋಯಿತು.

ಇನ್ಸ್‌ಪೆಕ್ಟರ್ ಪೆನ್ನು ಎತ್ತಿ ಹಿಡಿದರು. "ನೋಡಮ್ಮ, ಇದನ್ನ ಬರ್ಕೊಂಡ್ರೆ ನಿಮ್ಮ ರಿಜಿಸ್ಟ್ರೇಷನ್‌ಗೂ ತೊಂದ್ರೆ. ಹೆಸರು ಕೊಟ್ಟು ನೀವು ಒಳಗಿದ್ದದ್ದೂ ತಪ್ಪೇ. ಕಾನೂನು ಯಾಕೆ ಒಳಗಿದ್ರಿ ಅಂತ ಕೇಳಲ್ಲ."

"ಅದನ್ನೇ ಕೇಳ್ಬೇಕಿತ್ತು ಸಾರ್" ಅಂದಳು ವಾಣಿಶ್ರೀ. "ಬರ್ಕೊಳ್ಳಿ."

ಅವರು ಬರೆದುಕೊಂಡರು.

ಆಗ ಶಾಮಲಮ್ಮ ಮುಂದೆ ಬಂದು ತನ್ನ ಕವರನ್ನು ಕೌಂಟರಿನ ಮೇಲೆ ಸುರಿದಳು. ಬಿಳಿ, ಗುಲಾಬಿ, ಕೆಂಪು ಮಾತ್ರೆಗಳಿದ್ದ ಹಾಳೆಯ ಚೂರುಗಳು ಗಾಜಿನ ಮೇಲೆ ಹರಡಿದವು. "ಇದ್ಯಾವುದು ಹೇಳಪ್ಪ ಹುಡುಗಾ. ಇಲ್ಲೇ ಕೊಟ್ಟಿದ್ದು." ಹಿಂದಿನವಳು ತನ್ನದನ್ನು ಸುರಿದಳು. ಅವಳ ಹಿಂದಿನವಳು ತನ್ನದನ್ನು. ಎಲ್ಲವೂ ಹೆಸರು ಕಳೆದುಕೊಂಡ ಚೂರುಗಳು. ವೆಂಕಟ್ ಒಂದೊಂದನ್ನೇ ಎತ್ತಿ ನೋಡಿದ. ಒಂದರ ಹೆಸರೂ ಅವನಿಗೆ ಹೇಳಲು ಬರಲಿಲ್ಲ.

ಹೆಂಗಸರು ವಾಣಿಶ್ರೀಯ ಕಡೆ ತಿರುಗಿದರು. "ನೀನು ಹೇಳೇ."

ಅವಳು ಗಾಜಿನ ಮೇಲೆ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಬಿಳಿ ಮಾತ್ರೆ ಬಿಳಿ ಮಾತ್ರೆಯ ಹಾಗೇ ಇರುತ್ತದೆ. ಹೆಸರು ಕತ್ತರಿಸಿ ಹಾಕಿದ ಮೇಲೆ ಅದು ಜೀವ ಉಳಿಸುವುದೋ ತೆಗೆಯುವುದೋ ಓದಿದವಳಿಗೂ ತಿಳಿಯುವುದಿಲ್ಲ.

"ನಂಗೂ ಗೊತ್ತಾಗಲ್ಲ ಶಾಮಲತ್ತೆ. ಯಾರಿಗೂ ಗೊತ್ತಾಗಲ್ಲ. ಇನ್ಮೇಲೆ ಹೆಸರಿಲ್ಲದ್ದು, ಬರೆಯದೇ ಇರೋದು ತಗೋಬೇಡಿ. ಬರೀರಿ ಅಂತ ಕೇಳಿ. ಬರೆಯೋವರೆಗೂ ಮೆಟ್ಟಿಲು ಇಳೀಬೇಡಿ."

ಸಂಜೆ ಅಂಗಡಿಗೆ ಬೀಗ ಬಿತ್ತು. ಲೈಸೆನ್ಸು ಅಮಾನತಾಯಿತು, ಪೊಲೀಸಿನವರು ಕೇಸು ಬರೆದುಕೊಂಡರು. ವಿಚಾರಣೆ ಮುಗಿಯುವವರೆಗೆ ವಾಣಿಶ್ರೀಯ ನೋಂದಣಿಯನ್ನೂ ತಡೆಹಿಡಿದಿದೆ ಎಂಬ ನೋಟೀಸು ಅವಳ ಮನೆಗೂ ಬಂತು. ಮಾಲೂರಿನಲ್ಲಿ, ಕೋಲಾರದಲ್ಲಿ, ಮುಳಬಾಗಿಲಿನಲ್ಲಿ ಅವಳು ಅಂಗಡಿ ಅಂಗಡಿ ಅಲೆದಳು. ಪೆಟ್ಟಿಗೆ ಹೊರುವ ಕೆಲಸವಾದರೂ ಸಾಕೆಂದಳು. ಹೆಸರು ಕೇಳಿದೊಡನೆ ಎಲ್ಲರಿಗೂ ಅವಳ 'ಕೇಸು' ನೆನಪಾಗುತ್ತಿತ್ತು. ಮಾಲೀಕನನ್ನು ಹಿಡಿದುಕೊಟ್ಟ ಹುಡುಗಿ. ಅಂಥವಳು ಯಾರಿಗೂ ಬೇಡ.

ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಮಂಡಿಯಲ್ಲಿ ಹಣ್ಣು ಆರಿಸಿದಳು. ಅದು ಮುಗಿದ ಮೇಲೆ ದೊಡ್ಡಮ್ಮ ದುಡಿದ ಗೂಡಿಗೇ ಹೋದಳು. ಮೊದಲ ದಿನ ಸಿಂಬೆ ಸುತ್ತಲು ಬರಲಿಲ್ಲ. ಕದಿರಪ್ಪ ಸುತ್ತಿ ತಲೆಯ ಮೇಲಿಟ್ಟ. ಇಟ್ಟಿಗೆ ಜೋಡಿಸುವಾಗ ಅವನ ಕೈಯಿಂದ ಒಂದು ಜಾರಿ ಬಿತ್ತು. ಅವನು ಅಲ್ಲಿಂದ ಎದ್ದು ಗೂಡಿನ ಹಿಂದಕ್ಕೆ ಹೋದ. ಅವನು ಅಳುವುದನ್ನು ಅವಳು ನೋಡಲಿಲ್ಲ, ಕೇಳಿದಳು.

ಒಂದು ಸಂಜೆ ಅವಳು ಕೆಲಸ ಬಿಟ್ಟು ಬಂದು ಜಗಲಿಯ ಮೇಲೆ ಕೂತಿದ್ದಾಗ ಶಾಮಲಮ್ಮ ಬಸ್ಸಿಳಿದು ನೇರ ಅವಳಲ್ಲಿಗೆ ಬಂದಳು. ಬೇರೊಂದು ಅಂಗಡಿಯ ಕವರನ್ನು ಅವಳ ಮಡಿಲಿಗೆ ಹಾಕಿದಳು.

"ಓದು."

ಹಾಳೆ ಇಡಿಯಾಗಿತ್ತು. ಹೆಸರು ಇತ್ತು, ತಾರೀಖು ಇತ್ತು. ಕವರಿನ ಮೇಲೆ ನೀಲಿ ಪೆನ್ನಿನಲ್ಲಿ ಯಾರೋ ಸಿಟ್ಟಿನಿಂದ ಗೀಚಿದ ಕನ್ನಡ ಅಕ್ಷರ. ವಾಣಿಶ್ರೀ ಓದಿದಳು, "ಬೆಳಿಗ್ಗೆ ಒಂದು. ತಿಂಡಿಗೆ ಮುಂಚೆ."

"ಬರೆಯಲ್ಲ ಅಂದ ಕಣೇ. ಬಾಯಲ್ಲಿ ಹೇಳಿದೀನಲ್ಲ, ಹೋಗಮ್ಮ ಅಂದ. ನಾನು ಮೆಟ್ಟಿಲು ಇಳೀಲಿಲ್ಲ. ಹಿಂದಿನೋರು ಬೈದ್ರು. ಯಾವನೋ ತಳ್ಳಿದ. ಗಾಜು ಹಿಡ್ಕೊಂಡು ನಿಂತೆ. ಬರೆದ್ಮೇಲೇ ಇಳಿದೆ." ಶಾಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಅವಳ ದನಿ ಬಿತ್ತು. "ಅವತ್ತು ಮುನಿಯಲ್ಲಕ್ಕಾನೂ ಹಂಗೇ ನಿಂತ್ಕೊಂಡಿದ್ರೆ…"

ಒಳಗಿನಿಂದ ಕದಿರಪ್ಪ ಬಾಗಿಲಿಗೆ ಬಂದ. ಚೌಕಟ್ಟಿಗೆ ಕೈ ಕೊಟ್ಟು ನಿಂತ.

"ಅವಳಿಗೆ ನಿಲ್ಲೋದೇನು ಬೇಕಿತ್ತು ಶಾಮಲಾ" ಅಂದ. "ನಮ್ಮ ಹುಡುಗಿ ಹೇಳಿದ್ದಾಳೆ ಅಂದ್ರು. ಅವಳಿಗೆ ಅಷ್ಟು ಸಾಕಾಗೋಯ್ತು."